ಅಮ್ಮನ ಮನೆಯ ಗೀಸರ್: ಎರಡು ಕೊಟೇಶನ್, ಒಂದು ಜಗಳ

ಅಣ್ಣ: ಅಮ್ಮನ ಮನೆಯ ಗೀಸರ್ ಸೋರುತ್ತಿದೆ. ಹಾಕಿಸಿ 11 ವರ್ಷ ಆಯಿತು. ಹೊಸದಕ್ಕೆ ಎರಡು ಕಡೆ ಕೊಟೇಶನ್ ತೆಗೆದುಕೊಂಡೆ, ಎರಡರ ಫೋಟೋನೂ ಗ್ರೂಪಿನಲ್ಲಿ ಮೇಲೆ ಹಾಕಿದ್ದೇನೆ. ಗೀಸರ್ ಎರಡರಲ್ಲೂ ಒಂದೇ, 25 ಲೀಟರ್. ಆದರೆ ಎರಡನೆಯವರ ಮೊತ್ತ ಒಂದೂವರೆ ಪಟ್ಟು. ಮೊದಲನೆಯವರಿಗೆ ಹೂಂ ಅಂದುಬಿಡಲಾ?

ದೊಡ್ಡಪ್ಪ: ಹೊಸದೇ ಯಾಕಪ್ಪಾ? ಕಾಯಿಲ್ ಬದಲಾಯಿಸಿ ನೋಡು. ನಾನು ಎರಡು ಸಲ ಕಾಯಿಲ್ ಹಾಕಿಸಿದ್ದೇನೆ. ನಮ್ಮ ಗೀಸರ್ 14 ವರ್ಷದಿಂದ ಓಡುತ್ತಿದೆ.

ನಾನು: ದೊಡ್ಡಪ್ಪ, ನಿಮ್ಮದರಲ್ಲಿ ನೀರು ಕಾಯುತ್ತಿರಲಿಲ್ಲ. ಕಾಯಿಲ್, ಇಲ್ಲಾ ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಹೋದರೆ ಆ ಭಾಗ ಬದಲಾಯಿಸಿದರೆ ಸಾಕು, ಅದು ನಿಜ. ಇದು ಸೋರುತ್ತಿದೆ. ಎಲ್ಲಿಂದ ಅನ್ನೋದು ಮೊದಲು ತಿಳಿಯಬೇಕು. ಒಳಗೆ ಒತ್ತಡ ಜಾಸ್ತಿಯಾದರೆ ನೀರು ಹೊರಬಿಡೋದು ಸೇಫ್ಟಿ ವಾಲ್ವ್. ಅದರ ಬಾಯಿಂದ ಕಾಯುವಾಗ ಮಾತ್ರ ಹನಿ ಬಿದ್ದರೆ ಅದು ತೊಂದರೆಯೇ ಅಲ್ಲ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು ಒಂದೂವರೆ ಲೋಟದಷ್ಟು ಹಿಗ್ಗುತ್ತದೆ, ಅದು ಎಲ್ಲಾದರೂ ಹೊರಗೆ ಬರಲೇಬೇಕು. ಕಾಯಿಲ್ ಕೂರುವ ಜಾಗದಿಂದ ಆದರೆ ವಾಷರ್ ಬದಲಾಯಿಸಿದರೆ ಆಯಿತು. ಟ್ಯಾಂಕಿನ ಮೈಯಿಂದಲೇ ಆದರೆ ಮುಗಿಯಿತು. ಅಮ್ಮ, ಮೊದಲು ಗೀಸರ್‌ನ ಎಂಸಿಬಿ, ಅಂದರೆ ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್, ಇಳಿಸಿಬಿಡು. ಆಮೇಲೆ ಕೆಳಭಾಗದ ಫೋಟೋ ತೆಗೆದು ಹಾಕುತ್ತೀಯಾ?

ಅಮ್ಮ: ಹಾಕಿದ್ದೇನೆ ನೋಡು. ತಳದ ಸುತ್ತ ಕಂದು ಬಣ್ಣ ಇಳಿದಿದೆ. ರಾತ್ರಿ ಇಟ್ಟ ಪಾತ್ರೆ ಬೆಳಗ್ಗೆ ಅರ್ಧ ತುಂಬಿತ್ತು.

ನಾನು: ತುಕ್ಕಿನ ನೀರು. ಟ್ಯಾಂಕೇ ತೂತಾಗಿದೆ ದೊಡ್ಡಪ್ಪ.

ದೊಡ್ಡಪ್ಪ: ವೆಲ್ಡಿಂಗ್ ಮಾಡಿಸಿದರೆ?

ನಾನು: ಆಗಲ್ಲ. ಒಳಗೆ ಉಕ್ಕಿನ ಮೇಲೆ ಗಾಜಿನ ಲೇಪ ಇರುತ್ತದೆ. ವೆಲ್ಡಿಂಗ್ ಬಿಸಿಗೆ ಅದು ಒಡೆಯುತ್ತದೆ, ಪಕ್ಕದಲ್ಲೇ ಮತ್ತೆ ತುಕ್ಕು ಶುರು. ಟ್ಯಾಂಕ್ ಉಳಿಸೋದಕ್ಕೆ ಅಂತಲೇ ಒಳಗೆ ಆನೋಡ್ ರಾಡ್ ಇರುತ್ತದೆ. ಮೆಗ್ನೀಸಿಯಂ ಕಡ್ಡಿ. ಉಕ್ಕಿನ ಬದಲು ಅದು ತಾನೇ ಕರಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆದು ನೋಡಬೇಕಿತ್ತು. 11 ವರ್ಷದಲ್ಲಿ ನಾವು ಒಂದು ಸಲವೂ ನೋಡಿಲ್ಲ. ಅಮ್ಮ ಅಪ್ಪನ ಮೇಲೆ ಬಿಟ್ಟು ಸುಮ್ಮನೆ ಕೂತಿದ್ದೆವು, ಅದು ನನಗೆ ಬೇಜಾರು.

ಅತ್ತಿಗೆ: ನಾನು ಎರಡನೇ ಕೊಟೇಶನ್ ಪೂರ್ತಿ ಓದಿದೆ. ಹಳೆಯದನ್ನು ಇಳಿಸಿ ಸಾಗಿಸುವುದು, ಹೊಸ ಸೇಫ್ಟಿ ವಾಲ್ವ್, ಅದರ ಬಾಯಿಂದ ಮೋರಿವರೆಗೆ ಪೈಪು, ಬೋರ್ಡಿನಿಂದ ಹೊಸ ವೈರ್, ಬೇರೆ ಎಂಸಿಬಿ, ಅರ್ಥಿಂಗ್ ಪರೀಕ್ಷೆ, ಗೋಡೆಯ ಕ್ಲಾಂಪ್. ಮೊದಲನೆಯದರಲ್ಲಿ ಇರೋದು ಎರಡೇ ಸಾಲು. ಗೀಸರ್, ಫಿಟ್ಟಿಂಗ್.

ದೊಡ್ಡಪ್ಪ: ಅದೇ ನಾನು ಹೇಳೋದಮ್ಮ. ಚಿಲ್ಲರೆ ಸಾಮಾನು ಬರೆದು ಬಿಲ್ ಉದ್ದ ಮಾಡುತ್ತಾರೆ. ಹಳೆ ವಾಲ್ವನ್ನೇ ಬಿಚ್ಚಿ ಹಾಕಿದರೆ ಆಗದಾ? ವೈರ್ ಇದ್ದೇ ಇದೆಯಲ್ಲ.

ನಾನು: ದೊಡ್ಡಪ್ಪ, ನಮ್ಮ ಮನೆಯಲ್ಲಿ ನಾನೂ ಥೇಟ್ ಹೀಗೇ ಮಾಡಿದ್ದೆ. ಎರಡು ವರ್ಷದ ಹಿಂದೆ, ಕಮ್ಮಿ ಮೊತ್ತ ನೋಡಿ ಹೂಂ ಅಂದೆ. ಹಾಕಿದವರು ಹಳೆ ವಾಲ್ವನ್ನೇ ಕೂರಿಸಿ ಹೋದರು. ಒಳಗೆ ಸುಣ್ಣದಂಥ ಪುಡಿ ಕಟ್ಟಿ ಅದು ಗಟ್ಟಿ ಹಿಡಿದಿತ್ತು. ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಸಾಕೆಟ್ ಕರಗಿ ವಾಸನೆ ಬಂದು ಎಲೆಕ್ಟ್ರಿಷಿಯನ್ ಬಂದಾಗ. ಹಳೆ ಗೀಸರ್‌ಗಿಂತ ಹೊಸದು ಜಾಸ್ತಿ ವ್ಯಾಟಿನದು. ವೈರ್ ಮಾತ್ರ ಹಳೆಯದು, ಸಪೂರ. 230 ವೋಲ್ಟಿಗೆ 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಆಮೇಲೆ ಟೈಲ್ಸ್ ಒಡೆದು ವೈರ್ ಎಳೆಸಿದೆ. ಪ್ಲಂಬರಿಗೆ ಬೇರೆ ಕೊಟ್ಟೆ. ಒಟ್ಟು ಖರ್ಚು ನಾನು ಬೇಡ ಅಂದಿದ್ದ ಕೊಟೇಶನ್ ದಾಟಿತು.

ದುಡ್ಡು ಹೋಗಲಿ. ವಾಲ್ವ್ ಕಚ್ಚಿಕೊಂಡಿದೆ, ಅದರ ಜೊತೆ ಥರ್ಮೋಸ್ಟಾಟ್ ಕೂಡ ಕೈಕೊಟ್ಟಿತು ಅಂದುಕೊಳ್ಳಿ. ನೀರು 100 ಡಿಗ್ರಿ ದಾಟಿದರೂ ಒತ್ತಡದಲ್ಲಿ ನೀರಾಗೇ ಉಳಿಯುತ್ತದೆ. ಟ್ಯಾಂಕ್ ಬಾಯಿಬಿಟ್ಟ ಕ್ಷಣ ಅದರಲ್ಲಿ ಒಂದು ಪಾಲು ತಟ್ಟನೆ ಆವಿಯಾಗಿ ಸಿಡಿಯುತ್ತದೆ. ಆರು ತಿಂಗಳು ನನ್ನ ಮಕ್ಕಳು ಅದರ ಕೆಳಗೇ ಸ್ನಾನ ಮಾಡಿದ್ದರು. ಆ ವಾಲ್ವನ್ನು ಚಿಲ್ಲರೆ ಸಾಮಾನು ಅನ್ನಲು ನನ್ನಿಂದ ಆಗಲ್ಲ.

ಭಾವ: ಇಷ್ಟೆಲ್ಲ ರಗಳೆ ಯಾಕೆ? ಟ್ಯಾಂಕೇ ಇಲ್ಲದ ಇನ್‌ಸ್ಟಂಟ್ ಹಾಕಿಸಿ. ಚಿಕ್ಕದು, ಬೆಲೆನೂ ಕಮ್ಮಿ.

ನಾನು: ಭಾವ, ನೀವೇ ಲೆಕ್ಕ ಹಾಕಿ. 3 ಕಿಲೋವ್ಯಾಟಿನ ಇನ್‌ಸ್ಟಂಟಿನಲ್ಲಿ ನಿಮಿಷಕ್ಕೆ 3 ಲೀಟರ್ ಬಿಟ್ಟರೆ ನೀರು ಏರೋದು 14 ಡಿಗ್ರಿ ಮಾತ್ರ. ಚಳಿಯಲ್ಲಿ 15 ಡಿಗ್ರಿ ನೀರು ಬಂದರೆ ಸ್ನಾನಕ್ಕೆ 29. ಅಪ್ಪನಿಗೆ ಅದು ತಣ್ಣೀರು. ಧಾರಾಳವಾಗಿ ಶವರ್ ಬೇಕು ಅಂದರೆ 14 ಕಿಲೋವ್ಯಾಟ್ ಹತ್ತಿರ ಬೇಕಾಗುತ್ತದೆ, ಆಗ ಮನೆಯ ಕರೆಂಟ್ ಕನೆಕ್ಷನ್ನೇ ಬದಲಾಯಿಸಬೇಕು. ಕೈ ತೊಳೆಯುವ ಸಿಂಕಿಗೆ ಇನ್‌ಸ್ಟಂಟ್ ಚೆನ್ನಾಗಿರುತ್ತದೆ.

ಭಾವ: ಗ್ಯಾಸಿನದು?

ಅಕ್ಕ: ಅವರ ಬಚ್ಚಲಿಗೆ ಸರಿಯಾಗಿ ಕಿಟಕಿಯೇ ಇಲ್ಲ ರೀ. ಹೊಗೆ ಹೊರಗೆ ಹೋಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿದ್ದವರಿಗೆ ಗೊತ್ತೇ ಆಗಲ್ಲ. ಬೇಡವೇ ಬೇಡ.

ತಂಗಿ: ಹೀಟ್ ಪಂಪ್ ಯಾರೂ ಹೇಳಲಿಲ್ಲ. ಅದು ಸುತ್ತಲ ಗಾಳಿಯ ಬಿಸಿ ಎಳೆದು ನೀರು ಕಾಯಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡರಿಂದ ನಾಲ್ಕು ಯೂನಿಟ್ ಬಿಸಿ ಕೊಡುತ್ತದೆ. ಕೊಳ್ಳುವಾಗ ದುಬಾರಿ, ಆಮೇಲೆ ಬಿಲ್ಲಿನಲ್ಲಿ ಉಳಿಯುತ್ತದೆ ಅಲ್ವಾ?

ಅಣ್ಣ: ಉಳಿಯುತ್ತದೆ. ಆದರೆ ಅದಕ್ಕೆ ಗಾಳಿ ಆಡುವ ಜಾಗ ಬೇಕು, ಅಲ್ಲಿ ಇಲ್ಲ. ಇಬ್ಬರೇ ಇರುವ ಮನೆ, ದಿನಕ್ಕೆ ಎರಡು ಸ್ನಾನ. ಹಾಕಿದ ದುಡ್ಡು ವಾಪಸ್ ಬರಲು ತುಂಬಾ ವರ್ಷ ಬೇಕು. ನನಗೆ ಅನಿಸಿದ್ದು ಬೇರೆ. ಹೇಗೂ ಹಾಕಿಸುತ್ತಿದ್ದೇವೆ, 50 ಲೀಟರ್ ಹಾಕಿಸಿಬಿಡೋಣ. ನಾವೆಲ್ಲ ಹೋದಾಗ ಸಾಲಲ್ಲ.

ಭಾವ: ಸಾಲುತ್ತೆ ಕಣಪ್ಪ. ನಾನೂ ಲೆಕ್ಕ ಹಾಕಿದೆ. 60 ಡಿಗ್ರಿಯ 25 ಲೀಟರಿಗೆ 20 ಡಿಗ್ರಿಯ 25 ಲೀಟರ್ ಬೆರೆಸಿದರೆ 40 ಡಿಗ್ರಿಯ 50 ಲೀಟರ್. ಟ್ಯಾಂಕ್ ಖಾಲಿಯಾದರೆ 2 ಕಿಲೋವ್ಯಾಟಿನಲ್ಲಿ ಮತ್ತೆ ಕಾಯಲು 35 ನಿಮಿಷ. 50 ಲೀಟರಿನದು ನೀರು ತುಂಬಿದರೆ ನೀರೇ 50 ಕಿಲೋ. ಆ ಗೋಡೆ ತಡೆಯುತ್ತದಾ, ಮೊದಲು ನೋಡಿಸಬೇಕು. ವರ್ಷಕ್ಕೆ ನಾಲ್ಕು ದಿನಕ್ಕೋಸ್ಕರ ಉಳಿದ ದಿನವೆಲ್ಲ ಸುಮ್ಮನೆ ಜಾಸ್ತಿ ನೀರು ಕಾಯಿಸೋದು ಬೇಡ.

ಅತ್ತಿಗೆ: ಒಂದು ವಿಷಯ ಎರಡರಲ್ಲೂ ಇಲ್ಲ. ಮಾವನಿಗೆ ಈಗ ಕೈಗೆ ಬಿಸಿ ಬೇಗ ತಿಳಿಯಲ್ಲ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ದೊಡ್ಡಪ್ಪ: ಹಾಗಾದರೆ 45ಕ್ಕೆ ಇಟ್ಟುಬಿಡಿ. ಕರೆಂಟೂ ಉಳಿಯಿತು. ಇದಕ್ಕೂ ಖರ್ಚು ಬೇಕಾ?

ನಾನು: 45ಕ್ಕೆ ಇಟ್ಟರೆ ಇನ್ನೊಂದು ತೊಂದರೆ ದೊಡ್ಡಪ್ಪ. ಲೆಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲೇ ಬೆಳೆಯುವುದು. ಆ ನೀರಿನ ತುಂತುರು ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ಆಗಬಹುದು. ವಯಸ್ಸಾದವರಿಗೆ ಅಪಾಯ ಜಾಸ್ತಿ. ಟ್ಯಾಂಕಿನಲ್ಲಿ 60 ಇರಲಿ, ನಲ್ಲಿಗೆ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸೋಣ. ತಣ್ಣೀರು ತಾನೇ ಬೆರೆಸಿ 40ರ ಹತ್ತಿರ ಕೊಡುತ್ತದೆ. ಹೌದು, ಖರ್ಚಿಗೆ ಇನ್ನೊಂದು ಸಾಲು. ಇದನ್ನು ಪೂರ್ತಿ ನಾನೇ ಕೊಡುತ್ತೇನೆ.

ದೊಡ್ಡಪ್ಪ: ನೀನೇ ಕೊಡು ಅಂದೆನಾ? ಕೇಳಿದೆ ಅಷ್ಟೆ. ನೀರು ಗಡಸು ಅಂತ ಹೇಳು ಅವರಿಗೆ. 60 ದಾಟಿಸಿದರೆ ಕಾಯಿಲ್ ಮೇಲೆ ಬೇಗ ಬಿಳಿ ಕಟ್ಟುತ್ತದೆ. ಎರಡು ಕಾಯಿಲ್ ಬಿಚ್ಚಿ ನೋಡಿದವನು ನಾನು.

ಅಣ್ಣ: ಮೊದಲನೆಯವರಿಗೆ ಈಗ ಫೋನ್ ಮಾಡಿದೆ. ಎರಡನೆಯವರ ಪಟ್ಟಿ ಓದಿ, ಇದೆಲ್ಲ ನಿಮ್ಮ ಮೊತ್ತದಲ್ಲಿ ಇದೆಯಾ ಅಂತ ಕೇಳಿದೆ. ವಾಲ್ವ್, ವೈರ್, ಪೈಪು ಎಲ್ಲ ಬೇರೆ, ಬಂದು ನೋಡಿ ಹೇಳುತ್ತೇವೆ ಅಂದರು. ಗ್ಯಾರಂಟಿ ಕೇಳಿದೆ. ಟ್ಯಾಂಕಿಗೆ ಬೇರೆ, ಕಾಯಿಲಿಗೆ ಬೇರೆ, ಕೂಲಿಗೆ ಇಲ್ಲವೇ ಇಲ್ಲ.

ನಾನು: ಅದನ್ನೆಲ್ಲ ಬರೆದು ಕಳಿಸಲು ಹೇಳು. ಆಮೇಲೆ ಮೊತ್ತ ನೋಡೋಣ. ಇವತ್ತೇ ಆಗಬೇಕು ಅಂತ ಮಾತ್ರ ಹೇಳಬೇಡ. ಅವಸರ ಕಂಡರೆ ರೇಟು ಏರುತ್ತದೆ. ನಾಲ್ಕು ದಿನ ಒಲೆ ಮೇಲೆ ಕಾಯಿಸಿಕೊಳ್ಳಲಿ. ಅಮ್ಮ, ಆಗುತ್ತದಾ?

ಅಮ್ಮ: ಆಗುತ್ತದೆ ಕಣೋ. ನನ್ನದೊಂದು ಮಾತು. ಸ್ವಿಚ್ ಬಚ್ಚಲ ಒಳಗಿದೆ. ನಿಮ್ಮಪ್ಪ ಒದ್ದೆ ಕೈಯಲ್ಲೇ ಮುಟ್ಟುತ್ತಾರೆ. 11 ವರ್ಷದಿಂದ ನನಗೆ ದಿನಾ ಅದೇ ಭಯ.

ಅಣ್ಣ: ಅದು ಎರಡು ಕೊಟೇಶನಿನಲ್ಲೂ ಇಲ್ಲ ಅಮ್ಮ. ನಾವೂ ಯಾರೂ ಹೇಳಲಿಲ್ಲ. ಸ್ವಿಚ್ ಹೊರಗಿನ ಗೋಡೆಗೆ, ಅದನ್ನೇ ಮೊದಲ ಸಾಲಾಗಿ ಬರೆಸುತ್ತೇನೆ.