ಅಪ್‌ಡೇಟ್: ಗೇಮ್ ಸಿ.ಡಿ. ಬ್ಯಾಕಪ್‌ನಲ್ಲಿ ಈಗ ಮ್ಯೂಸಿಕ್ ಬರುತ್ತಿದೆ

ನಾನು ಕೊಂಡಿದ್ದ 1996ರ ಕ್ವೇಕ್ ಸಿ.ಡಿ.ಯ ಬ್ಯಾಕಪ್‌ನಲ್ಲಿ ಆಟ ನಡೆಯುತ್ತದೆ, ಮ್ಯೂಸಿಕ್ ಮಾತ್ರ ಇಲ್ಲ ಎಂದು ಕೇಳಿದ್ದೆ. ಸರಿಹೋಯಿತು! "ಐಎಸ್ಒ ಬಿಡಿ, ಬಿನ್-ಕ್ಯೂ ಮಾಡಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಐಎಸ್ಒ ಎಂದರೆ ಡಿಸ್ಕ್‌ನ ಡೇಟಾ ಭಾಗವನ್ನಷ್ಟೇ ಇಡುವ ಕಾಪಿ ಫೈಲ್. ಬಿನ್-ಕ್ಯೂ ಎಂದರೆ ಜೋಡಿ ಫೈಲ್: ಬಿನ್‌ನಲ್ಲಿ ಡಿಸ್ಕ್‌ನ ಎಲ್ಲ ಟ್ರ್ಯಾಕ್‌ಗಳು, ಕ್ಯೂನಲ್ಲಿ ಅವುಗಳ ಪಟ್ಟಿ. ಈ ಡಿಸ್ಕ್‌ನಲ್ಲಿ ಮೊದಲ ಟ್ರ್ಯಾಕ್ ಮಾತ್ರ ಡೇಟಾ. ಉಳಿದವು ಮಾಮೂಲಿ ಆಡಿಯೊ ಸಿ.ಡಿ. ಥರದ ಮ್ಯೂಸಿಕ್ ಟ್ರ್ಯಾಕ್‌ಗಳು. ಐಎಸ್ಒ ಫೈಲಿನಲ್ಲಿ ಅವಕ್ಕೆ ಜಾಗವೇ ಇಲ್ಲ. ನನಗಿದು ಗೊತ್ತೇ ಇರಲಿಲ್ಲ.

ಡಿಸ್ಕ್ ಕಾಪಿ ಮಾಡುವ ಇಮ್ಗ್‌ಬರ್ನ್ ಸಾಫ್ಟ್‌ವೇರ್‌ನಲ್ಲಿ ಓದಿಸಿದರೆ ಬಿನ್, ಕ್ಯೂ ಎರಡೂ ಫೈಲ್ ತಾನೇ ಮಾಡಿಕೊಡುತ್ತದೆ. ಆಮೇಲೆ ಹಳೇ ಡಾಸ್ ಗೇಮ್‌ಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ನಡೆಸುವ ಡಾಸ್‌ಬಾಕ್ಸ್‌ನಲ್ಲಿ, ಕಾಪಿ ಫೈಲನ್ನು ಸಿ.ಡಿ.ಯಂತೆ ತೋರಿಸುವ ಇಮ್ಗ್‌ಮೌಂಟ್ ಕಮಾಂಡಿಗೆ ಕ್ಯೂ ಫೈಲ್ ಕೊಟ್ಟೆ, ಅಷ್ಟೇ. ಸ್ಪೀಡ್ ಕಡಿಮೆ ಮಾಡಿ ಕಾಪಿ ಮಾಡಿ ಎಂಬ ಸಲಹೆಯಿಂದ ಏನೂ ಬದಲಾಗಲಿಲ್ಲ.

ಗೀರು ಬಿದ್ದ ಇನ್ನೊಂದು ಡಿಸ್ಕ್ ನನ್ನ ಡ್ರೈವ್‌ನಲ್ಲಿ ಓದಲೇ ಇಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಗೆಳೆಯನ ಹಳೇ ಡೆಸ್ಕ್‌ಟಾಪ್‌ನಲ್ಲಿ ಪೂರ್ತಿ ಓದಿತು. ಡಿಸ್ಕ್ ಹಾಳಾಯಿತು ಎಂದು ಸುಮ್ನೆ ಎಸೆಯಬೇಡಿ, ಬೇರೆ ಡ್ರೈವ್‌ನಲ್ಲಿ ಒಮ್ಮೆ ಹಾಕಿ ನೋಡಿ.