ಕ್ಯಾಶುವಾಲ್ಟಿಗೆ ಇನ್ನೂ 8 ಹಾಸಿಗೆ: ಕಾಯುವ ಹೊತ್ತು ತಗ್ಗುತ್ತದೆಯೇ?

ಕೇಳಿದವರು:
ಜಿಲ್ಲಾ ಕೇಂದ್ರದ ಬೋಧನಾ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯ (ತುರ್ತು ಚಿಕಿತ್ಸಾ ವಿಭಾಗದ) ಉಸ್ತುವಾರಿ ನನ್ನ ಹೆಗಲೇರಿ ಮೂರು ತಿಂಗಳಾಯಿತು. ಸಂಜೆ ಆರು ದಾಟಿತೆಂದರೆ 12 ಹಾಸಿಗೆಗಳೂ ತುಂಬಿ, ಓಡಾಡುವ ದಾರಿಯಲ್ಲೇ ಟ್ರಾಲಿಗಳು ಸಾಲುಗಟ್ಟುತ್ತವೆ. ಇನ್ನೂ 8 ಹಾಸಿಗೆ ಕೊಡಲು ಆಡಳಿತ ಒಪ್ಪಿದೆ. ಇದರಿಂದ ಉಪಯೋಗವಾದೀತೇ? ಮಾಡಿ ನೋಡಿದವರು ಹೇಳಿ.

ಹದಿನಾಲ್ಕು ವರ್ಷ ಕ್ಯಾಶುವಾಲ್ಟಿಯಲ್ಲಿ ದುಡಿದ ಶುಶ್ರೂಷಾಧಿಕಾರಿ:
ಕೊಡುವುದನ್ನು ಬೇಡವೆನ್ನಬೇಡಿ. ಆದರೆ ಕೆಲವೇ ವಾರಗಳಲ್ಲಿ ಆ ಎಂಟೂ ತುಂಬಿರುತ್ತವೆ, ಬರೆದಿಟ್ಟುಕೊಳ್ಳಿ. ನಮ್ಮಲ್ಲೂ ಹೀಗೆಯೇ ಹೆಚ್ಚಿಸಿದ್ದರು. ಅವುಗಳಲ್ಲಿ ಮಲಗಿದವರು ಹೊಸ ರೋಗಿಗಳಲ್ಲ. ಒಳರೋಗಿಯೆಂದು ದಾಖಲಾಗಿ, ವಾರ್ಡಿನಲ್ಲಿ ಜಾಗವಿಲ್ಲದೆ ಕೆಳಗೇ ಉಳಿದವರು. ಅವರ ಹೊತ್ತುಹೊತ್ತಿನ ಔಷಧಿ, ಮೂತ್ರದ ಅಳತೆ, ಸಕ್ಕರೆ ಪರೀಕ್ಷೆ ಎಲ್ಲವೂ ನಮ್ಮ ಪಾಲಿಗೆ ಬಂದವು. ಹಾಸಿಗೆ ಬಂತು, ಕೈಗಳು ಬರಲಿಲ್ಲ.

ವಾರ್ಡಿನಲ್ಲಿ ಜಾಗವಿಲ್ಲ ಎನ್ನುವುದೂ ಅರ್ಧ ನಿಜ. ಬೆಳಗಿನ ರೌಂಡ್ಸ್‌ನಲ್ಲಿ ‘ನಾಳೆಯಲ್ಲ, ಇವತ್ತೇ ಹೊರಡಿ’ ಎನಿಸಿಕೊಂಡವನು ಹಾಸಿಗೆ ಬಿಡುವುದು ಸಂಜೆ ಐದಕ್ಕೆ. ಡಿಸ್ಚಾರ್ಜ್ ಬರೆಯಬೇಕಾದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ವೈದ್ಯ ಆಪರೇಷನ್ ಥಿಯೇಟರ್‌ನಲ್ಲಿರುತ್ತಾನೆ, ಸರ್ಕಾರಿ ಯೋಜನೆಯ ಕಡತಕ್ಕೆ ಒಂದು ಸಹಿ ಬಾಕಿ, ಊರಿನಿಂದ ಅಳಿಯ ಗಾಡಿ ತರಬೇಕು. ಆ ಐದಾರು ಗಂಟೆಗಳ ಬೆಲೆಯನ್ನು ನಿಮ್ಮ ಟ್ರಾಲಿಯ ಮೇಲಿನವರು ತೆರುತ್ತಾರೆ.

ಮೊದಲು ನಾಲ್ಕು ರಾತ್ರಿ ಹೀಗೆ ಮಾಡಿ: ಗಂಟೆಗೊಮ್ಮೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ‘ಇವರು ಈಗ ಯಾವುದಕ್ಕೆ ಕಾಯುತ್ತಿದ್ದಾರೆ’ ಎಂಬುದನ್ನು ಒಂದೇ ಮಾತಿನಲ್ಲಿ ಬರೆದುಕೊಳ್ಳಿ.

ಬೆಂಗಳೂರಿನ ತುರ್ತು ವೈದ್ಯೆ:
ಮೇಲಿನ ಅನುಭವ ನಿಜವೇ. ಆದರೂ ದೋಷವನ್ನೆಲ್ಲ ವಾರ್ಡಿನ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ. ಗಂಟೆಗೆ 6 ಮಂದಿ ಬಂದು ಒಬ್ಬೊಬ್ಬರು 4 ಗಂಟೆ ಉಳಿದರೆ ಒಳಗೆ ಸರಾಸರಿ 24 ಜನರಿರುತ್ತಾರೆ. ಉಳಿಯುವ ಹೊತ್ತು 2 ಗಂಟೆಗೆ ಇಳಿದರೆ ಅದು 12. ಆ ಎರಡು ಗಂಟೆಗಳಲ್ಲಿ ಎಷ್ಟನ್ನು ನಾವೇ ನುಂಗುತ್ತೇವೆ? ಹೊಟ್ಟೆನೋವಿನ ಮುದುಕರೊಬ್ಬರು ಬಂದರೆ ಮೆಡಿಸಿನ್‌ನವರು ‘ಸರ್ಜರಿಗೆ ತೋರಿಸಿ’ ಎನ್ನುತ್ತಾರೆ, ಸರ್ಜರಿಯವರು ‘ಮೊದಲು ಸ್ಕ್ಯಾನ್ ಆಗಲಿ’ ಎನ್ನುತ್ತಾರೆ. ಮಧ್ಯೆ ಕಾಲ್ ಬುಕ್ (ಬೇರೆ ವಿಭಾಗದ ವೈದ್ಯರನ್ನು ಕರೆಯುವ ಪುಸ್ತಕ) ಹಿಡಿದ ಅಟೆಂಡರ್ ಮಹಡಿ ಹತ್ತಿಳಿಯುತ್ತಿರುತ್ತಾನೆ. ಯಾವ ಯೂನಿಟ್‌ಗೆ ಸೇರಿಸಬೇಕೆಂದು ತೀರ್ಮಾನಿಸುವ ಅಧಿಕಾರ ಕ್ಯಾಶುವಾಲ್ಟಿಯ ಹಿರಿಯ ವೈದ್ಯರಿಗೇ ಇರಬೇಕು. ವಾದವೇನಿದ್ದರೂ ರೋಗಿ ವಾರ್ಡ್ ಸೇರಿದ ಮೇಲೆ.

ಇನ್ನೊಂದು: ಕೆಂಪು, ಹಳದಿ, ಹಸಿರು ಎಂದು ಬಾಗಿಲಲ್ಲೇ ವಿಂಗಡಿಸುವ ಟ್ರಯಾಜ್ ಎಲ್ಲರಲ್ಲೂ ಇದೆ, ಗೋಡೆಯ ಮೇಲೆ. ಹಸಿರಿನವರಿಗೆ, ಅಂದರೆ ಸಣ್ಣಪುಟ್ಟ ತೊಂದರೆಯವರಿಗೆ, ಬೇರೆ ಕೋಣೆ, ಬೇರೆ ವೈದ್ಯರು ಇಲ್ಲದಿದ್ದರೆ ಬಣ್ಣ ಕಟ್ಟಿ ಪ್ರಯೋಜನವಿಲ್ಲ. ಬೆರಳು ಕೊಯ್ದುಕೊಂಡವನೂ ಎದೆನೋವಿನವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹೆಲ್ಸಿಂಕಿಯಲ್ಲಿ ಪಾರ್ಶ್ವವಾಯು ರೋಗಿ ಬಂದಾಗಿನಿಂದ ಹೆಪ್ಪು ಕರಗಿಸುವ ಔಷಧಿ ಕೊಡುವವರೆಗಿನ ಹೊತ್ತು 1998ರಲ್ಲಿ 105 ನಿಮಿಷವಿದ್ದದ್ದು 2011ಕ್ಕೆ 20 ನಿಮಿಷಕ್ಕೆ ಇಳಿಯಿತು. ಇದು ಹಾಸಿಗೆ ಹೆಚ್ಚಿಸಿ ಆದದ್ದಲ್ಲ. ಆಂಬ್ಯುಲೆನ್ಸ್‌ನವರು ದಾರಿಯಲ್ಲೇ ಸುದ್ದಿ ಕೊಟ್ಟರು, ಸಿಟಿ ಸ್ಕ್ಯಾನ್ ಯಂತ್ರವನ್ನು ತುರ್ತು ಘಟಕಕ್ಕೆ ತಂದರು, ರೋಗಿಯನ್ನು ಆಂಬ್ಯುಲೆನ್ಸ್‌ನ ಸ್ಟ್ರೆಚರ್‌ನಲ್ಲೇ ಸಿಟಿ ಮೇಜಿನವರೆಗೆ ಒಯ್ದು ಔಷಧಿಯನ್ನು ಅಲ್ಲೇ ಕೊಟ್ಟರು.

ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಮರಳಿದ ವೈದ್ಯ:
ನಾಲ್ಕು ಗಂಟೆಯ ಗಡುವು ಹಾಕಿಬಿಡೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ 2004ರಿಂದ ಶೇ 98ರಷ್ಟು ರೋಗಿಗಳು ನಾಲ್ಕು ಗಂಟೆಯೊಳಗೆ ತುರ್ತು ವಿಭಾಗ ಬಿಡಬೇಕೆಂಬ ಗುರಿಯಿತ್ತು. 2010ರಲ್ಲಿ ಅದನ್ನು ಶೇ 95ಕ್ಕೆ ಇಳಿಸಿದರು. ಗಡುವಿನಿಂದ ಒಂದು ಒಳ್ಳೆಯದಾಯಿತು: ಕ್ಯಾಶುವಾಲ್ಟಿಯ ನೂಕುನುಗ್ಗಲು ಇಡೀ ಆಸ್ಪತ್ರೆಯ ತಲೆನೋವಾಯಿತು. ಆದರೆ ಗಡುವಿಗೆ ಕೆಲವೇ ನಿಮಿಷ ಉಳಿದಾಗ ರೋಗಿಗಳು ಗುಂಪುಗುಂಪಾಗಿ ಹೊರಬೀಳುವುದೂ ಅಲ್ಲಿನ ಅಂಕಿಗಳಲ್ಲೇ ಎದ್ದು ಕಾಣುತ್ತಿತ್ತು. ಕಾಯಿಲೆ ಗಡಿಯಾರ ನೋಡಿ ಗುಣವಾಗುವುದಿಲ್ಲವಲ್ಲ! ವಾರ್ಡನ್ನೂ ಬದ್ಧಗೊಳಿಸದ ಗಡುವು ನಿಮಗೆ ಬೇಡ.

108 ಆಂಬ್ಯುಲೆನ್ಸ್ ಸಿಬ್ಬಂದಿ:
ನನ್ನದು ಸಣ್ಣ ಬೇಡಿಕೆ. ರೋಗಿಯನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ಆಯಾ ಪಾಳಿಗೆ ನಿಗದಿಯಾಗಿರಲಿ. ನಿಮ್ಮಲ್ಲಿ ಹಾಸಿಗೆ ಸಿಗುವವರೆಗೆ ನಮ್ಮ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿರುತ್ತದೆ. ಸ್ಟ್ರೆಚರ್ ಇಲ್ಲದ ಗಾಡಿಯನ್ನು ಮುಂದಿನ ಅಪಘಾತಕ್ಕೆ ಹೇಗೆ ಕೊಂಡೊಯ್ಯಲಿ?

ರೋಗಿಯೊಬ್ಬರ ಮಗ:
ನಾನು ವೈದ್ಯನಲ್ಲ. ಬೈಕಿನಿಂದ ಬಿದ್ದ ತಂದೆಯನ್ನು ಕರೆತಂದಾಗ ಚೀಟಿಗೆ ಒಂದು ಕಡೆ, ಹಣಕ್ಕೆ ಇನ್ನೊಂದು ಕಡೆ, ಪೊಲೀಸ್ ವಿವರಕ್ಕೆ ಮತ್ತೊಂದು ಕಡೆ ಓಡಿದ್ದೆ. ಮೊದಲು ಜೀವ, ಆಮೇಲೆ ಕಾನೂನಿನ ವಿಧಿ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ. ಆ ಮೂರು ಕಿಟಕಿಗಳನ್ನು ಒಂದು ಮಾಡಿ, ಸಾಕು.

ಕೇಳಿದವರು, ಮರುವಾರ:
ನಾಲ್ಕು ರಾತ್ರಿ ಬರೆದಿಟ್ಟೆ. ಹೆಚ್ಚು ಸಲ ಬಂದ ಮಾತು ‘ವಾರ್ಡ್ ಹಾಸಿಗೆ’, ಅದರ ಬೆನ್ನಿಗೇ ‘ಸರ್ಜರಿ ಅಭಿಪ್ರಾಯ’. ರಕ್ತದ ವರದಿಯೇ ತಡ ಎಂದು ಇಷ್ಟು ದಿನ ಪ್ರಯೋಗಾಲಯದವರನ್ನು ಬೈಯುತ್ತಿದ್ದೆ. ಅದು ಕೊನೆಯಲ್ಲೆಲ್ಲೋ ಇತ್ತು. 8 ಹಾಸಿಗೆಗಳಲ್ಲಿ ನಾಲ್ಕನ್ನು, ಡಿಸ್ಚಾರ್ಜ್ ಆಗಿ ಕಾಗದಕ್ಕೆ ಕಾಯುವವರು ಕುಳಿತುಕೊಳ್ಳುವ ಕುರ್ಚಿಗಳಾಗಿ ಬದಲಿಸಿಕೊಡಿ ಎಂದು ಕೇಳಿದ್ದೇನೆ. ಅಧೀಕ್ಷಕರು ನಕ್ಕರು. ಸರ್ಜರಿ ಮುಖ್ಯಸ್ಥರು ನಗಲಿಲ್ಲ. ಗುರುವಾರ ಸಭೆಯಿದೆ.