ಟಾಟಾ ಎಸ್ಟೇಟ್ 1996 – ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲ್ಲ, ಆಮೇಲೆ ದಿನಪೂರ್ತಿ ಏನೂ ತೊಂದ್ರೆ ಇಲ್ಲ

ಅಡಿಕೆತೋಟ:
ಎಲ್ರಿಗೂ ನಮಸ್ಕಾರ. ಗಾಡಿ ಅಪ್ಪ ತಗೊಂಡಿದ್ದು, ಅದೇ 1948 ಸಿಸಿ ಡೀಸೆಲ್, ತೀರ್ಥಹಳ್ಳಿ ಕಡೆ ನಮ್ಮೂರು. ಹಿಂದಿನ ಸೀಟ್ ಮಡಚಿ ಗೊಬ್ಬರದ ಚೀಲ, ಬಾಳೆಗೊನೆ, ಮದ್ವೆ ಮನೆ ಪಾತ್ರೆ ಎಲ್ಲಾ ಹೊತ್ತಿರೋ ಗಾಡಿ, ಹಾಗಾಗಿ ಮಾರ್ಬಿಡಿ ಅನ್ನೋ ಸಲಹೆ ಬೇಡ, ಅದನ್ನ ಮನೆಯಲ್ಲೇ ದಿನಾ ಕೇಳ್ತಿದೀನಿ.

ಎರಡು ತಿಂಗ್ಳಿಂದ ಬೆಳಿಗ್ಗೆ ಸೆಲ್ಫ್ ಹೊಡೀತಾನೇ ಇರ್ಬೇಕು, ನಾಲ್ಕೈದು ಸಲ ಆದ್ಮೇಲೆ ಬಿಳಿ ಹೊಗೆ ಬಿಟ್ಕೊಂಡು ಕುಂಟ್ಕೊಂಡು ಎದ್ದೇಳುತ್ತೆ. ಒಂದ್ಸಲ ಎದ್ರೆ ಮುಗೀತು, ಪೇಟೆಗೆ ಹೋಗಿ ಎರಡು ಗಂಟೆ ನಿಲ್ಸಿದ್ರೂ ಕೀ ತಿರುಗ್ಸಿದ ತಕ್ಷಣ ಸ್ಟಾರ್ಟ್. ಬ್ಯಾಟರಿ ಹೊಸದು, ಡೀಸೆಲ್ ಫಿಲ್ಟರೂ ಹಾಕ್ಸಿದೀನಿ. ಮೆಕ್ಯಾನಿಕ್ ಇಂಜಿನ್‌ಗೆ ಡೀಸೆಲ್ ಕೊಡೋ ಪಂಪ್ ಬಿಚ್ಬೇಕು ಅಂತಿದಾನೆ, ಬಿಚ್ಚಿದ್ರೆ ದೊಡ್ಡ ಖರ್ಚು.

ಹುಬ್ಬಳ್ಳಿ ಸುಮೋ:
ಅಣ್ಣಾರ, ನಮ್ಮ ಸುಮೋದಾಗೂ ಇದ ಇಂಜಿನ್ ಐತ್ರಿ, 483, ಅಂದ್ರ 4 ಸಿಲಿಂಡರ್, 83 ಮಿ.ಮೀ. ಬೋರ್. ಪಂಪ್ ಬಿಚ್ಚೂದಕ್ಕ ಮೊದ್ಲ ಹೀಟರ್ ಪ್ಲಗ್ ನೋಡ್ರಿ, ತಣ್ಣಗಿದ್ದ ಇಂಜಿನ್ ಹತ್ತಾಕ ಸಿಲಿಂಡರ್ ಒಳಗ ಬಿಸಿ ಮಾಡೋದು ಅದ. ನಾಲ್ಕೂ ಪ್ಲಗ್ ಜೋಡ್ಸಿರೋ ಪಟ್ಟಿ ತೆಗದು, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಒಂದೊಂದ ಪ್ಲಗ್ಗಿನ ತಲಿಗೆ ಮುಟ್ಸ್ರಿ. ಬಲ್ಬ್ ಹತ್ತಲಿಲ್ಲಂದ್ರ ಆ ಪ್ಲಗ್ ಸತ್ತೈತಿ ಅಂತ ತಿಳ್ಕೊರಿ. ಪಟ್ಟಿಗೆ ಕರೆಂಟ್ ಬರ್ತೈತೋ ಇಲ್ಲೋ ಅದನ್ನೂ ಒಮ್ಮೆ ನೋಡ್ರಿ, ಒಮ್ಮೊಮ್ಮೆ ರಿಲೇ, ಅಂದ್ರ ಪ್ಲಗ್ಗಿಗೆ ಕರೆಂಟ್ ಬಿಡೋ ಸ್ವಿಚ್ಚು, ಹೋಗಿರತೈತಿ.

ಅಡಿಕೆತೋಟ:
ನೋಡ್ದೆ ಅಣ್ಣ, ನಾಲ್ಕಕ್ಕೂ ಬಲ್ಬ್ ಹತ್ತುತ್ತೆ, ಕರೆಂಟೂ ಬರ್ತಿದೆ. ಇವತ್ತು ಬೆಳಿಗ್ಗೆ ಪಕ್ಕದ್ಮನೆಯವ್ರು ಏರ್ ಫಿಲ್ಟರ್ ಹತ್ರ ಸ್ಟಾರ್ಟಿಂಗ್ ಸ್ಪ್ರೇ ಹೊಡಿ ಅಂದ್ರು, ಹೊಡೀಲಾ?

ಹಳೇ ಡೀಸೆಲ್:
ದಯವಿಟ್ಟು ಬೇಡ. ಅದು ಈಥರ್, ಥಟ್ಟಂತ ಹತ್ಕೊಳ್ಳೋದು, ಒಳಗಡೆ ಹೀಟರ್ ಪ್ಲಗ್ ಕೆಂಪಗೆ ಕಾದಿರುತ್ತೆ, ಪಿಸ್ಟನ್ ಮೇಲೆ ಬರೋಕೆ ಮುಂಚೆನೇ ಹತ್ಕೊಂಡ್ರೆ ರಿಂಗ್ ಮುರಿಯುತ್ತೆ, ಆಮೇಲೆ ನಿಜವಾಗ್ಲೂ ಇಂಜಿನ್ ಬಿಚ್ಬೇಕಾಗುತ್ತೆ.

ಒಂದು ಪ್ರಶ್ನೆ, ವಿಚಿತ್ರ ಅನ್ಸ್ಬೋದು: ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಾ? ಸಮತಟ್ಟಲ್ಲಾ, ಏರಲ್ಲಾ? ಮೂತಿ ಯಾವ ಕಡೆ?

ಅಡಿಕೆತೋಟ:
ಮೊದ್ಲು ಅಂಗಳದಲ್ಲೇ ನಿಲ್ಲಿಸ್ತಿದ್ದೆ ಸರ್. ಈಗ ಕೊಯ್ಲು ಶುರುವಾಗಿ ಅಂಗಳ ಪೂರ್ತಿ ಅಡಿಕೆ ಹರಡಿದೀವಿ, ಹಾಗಾಗಿ ಗೇಟ್ ಹತ್ರ ಏರಲ್ಲಿ, ಮೂತಿ ಮೇಲೆ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸ್ತಿದೀನಿ. ಅಯ್ಯೋ, ಅದೂ ಎರಡು ತಿಂಗ್ಳಿಂದನೇ!

ಹಳೇ ಡೀಸೆಲ್:
ಹಾಗಾದ್ರೆ ಪಂಪ್ ಮುಟ್ಟೋಕೆ ಬಿಡ್ಬೇಡಿ. ಡೀಸೆಲ್ ಲೈನು ಎಲ್ಲೋ ಗಾಳಿ ಎಳ್ಕೊಳ್ತಿದೆ. ಟ್ಯಾಂಕ್ ಹಿಂದೆ ಇದೆ, ಮೂತಿ ಮೇಲಾದ್ರೆ ಟ್ಯಾಂಕ್ ಇನ್ನೂ ಕೆಳಗೆ ಹೋಯ್ತು, ಲೈನಲ್ಲಿ ಸಣ್ಣ ಸಂದು ಇದ್ರೂ ಸಾಕು ಅಲ್ಲಿಂದ ಗಾಳಿ ಒಳಗೆ ನುಗ್ಗಿ ರಾತ್ರಿಯೆಲ್ಲಾ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತೆ. ಎರಡು ಗಂಟೆ ನಿಲ್ಸಿದ್ರೆ ಅಷ್ಟು ಇಳಿಯಲ್ಲ, ಅದಕ್ಕೇ ಪೇಟೇಲಿ ಸರಿ ಇರುತ್ತೆ. ಇಲ್ಲಿ ಎಲ್ರೂ ಮೋಸ ಹೋಗೋದು ಏನಂದ್ರೆ, ಕೆಳಗೆ ಡೀಸೆಲ್ ತೊಟ್ಟಿಕ್ಕಿಲ್ಲ ಅಂದ್ರೆ ಲೀಕ್ ಇಲ್ಲ ಅಂದ್ಕೊಳ್ತಾರೆ. ಟ್ಯಾಂಕಿಂದ ಬರೋ ಲೈನು ಎಳ್ಕೊಳ್ಳೋ ಲೈನು, ಅದು ಡೀಸೆಲ್ ಹೊರಗೆ ಬಿಡಲ್ಲ, ಗಾಳಿ ಒಳಗೆ ಎಳ್ಕೊಳ್ಳುತ್ತೆ.

ನಾಳೆ ಬೆಳಿಗ್ಗೆ ಸೆಲ್ಫ್ ಹೊಡಿಯೋಕೆ ಮುಂಚೆ ಹ್ಯಾಂಡ್ ಪಂಪ್, ಅಂದ್ರೆ ಕೈಯಲ್ಲಿ ಒತ್ತಿ ಡೀಸೆಲ್ ಎಳ್ಕೊಳ್ಳೋ ಗುಂಡಿ, ಒತ್ತಿ ನೋಡಿ. ಮೆತ್ತಗೆ ಖಾಲಿ ಖಾಲಿ ಒಳಗೆ ಹೋಗಿ, ಹದಿನೈದು ಇಪ್ಪತ್ತು ಸಲ ಒತ್ತಿದ್ಮೇಲೆ ಬಿಗಿಯಾಗಿ, ಆಗ ಗಾಡಿ ಒಂದೇ ಏಟಿಗೆ ಎದ್ರೆ ಅನುಮಾನನೇ ಬೇಡ. ಆಮೇಲೆ ಫಿಲ್ಟರಿಂದ ಪಂಪಿಗೆ ಹೋಗೋ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ಇಂಜಿನ್ ಓಡ್ಸಿ, ಗುಳ್ಳೆ ಓಡೋದು ಕಣ್ಣಿಗೇ ಕಾಣುತ್ತೆ. ಫಿಲ್ಟರ್ ಬದಲಾಯಿಸ್ದಾಗ ಬ್ಯಾಂಜೊ ಬೋಲ್ಟಿನ (ಡೀಸೆಲ್ ಪೈಪ್ ಜೋಡ್ಸೋ ಟೊಳ್ಳು ಬೋಲ್ಟು) ಕಾಪರ್ ವಾಷರ್ ಹಳೇದೇ ಹಾಕಿದಾರಾ ಅಂತಲೂ ಕೇಳಿ. ಒಂದ್ಸಲ ಒತ್ತಿದ ವಾಷರ್ ಎರಡನೇ ಸಲ ಸರಿಯಾಗಿ ಕೂರಲ್ಲ.

ಅಡಿಕೆತೋಟ:
ಸರ್ ನೀವು ಹೇಳಿದ್ದು ಅಕ್ಷರಶಃ ಹಾಗೇ ಆಯ್ತು. ಹದಿನೆಂಟು ಸಲ ಒತ್ತಿದೆ, ಬಿಗಿ ಆಯ್ತು, ಅರ್ಧ ಸೆಲ್ಫಿಗೇ ಸ್ಟಾರ್ಟ್. ಪೈಪಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಸಾಲಾಗಿ ಬರ್ತಿತ್ತು. ವಾಷರ್ ನಾಲ್ಕೂ ಹೊಸದು ಹಾಕ್ದೆ, ಗುಳ್ಳೆ ಕಮ್ಮಿ ಆಯ್ತು, ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಗಾಡಿ ಕೆಳಗೆ ಗೋಣಿಚೀಲ ಹಾಸ್ಕೊಂಡು ಮಲ್ಗಿ ಟ್ಯಾಂಕ್ ಹತ್ರ ಇರೋ ರಬ್ಬರ್ ಹೋಸ್ ಮುಟ್ಟಿ ನೋಡ್ದೆ. ಮೇಲೆ ಬಟ್ಟೆ ಸುತ್ತಿರೋ ತರದ್ದು, ನೋಡೋಕೆ ಗಟ್ಟಿಮುಟ್ಟು, ಕ್ಲಿಪ್ ಸಡ್ಲ ಮಾಡಿ ಬಗ್ಗಿಸ್ದೆ, ಕ್ಲಿಪ್ ಕಚ್ಚಿದ್ದ ಜಾಗದಲ್ಲಿ ಒಣಗಿದ ಕೆರೆ ಮಣ್ಣಿನ ತರ ಬಿರುಕು. ಅರ್ಧ ಮೀಟರ್ ಹೋಸು, ಎರಡು ಕ್ಲಿಪ್ಪು, 120 ರೂಪಾಯಿ. ಬೇಕಂತಲೇ ಮೂರು ರಾತ್ರಿ ಅದೇ ಏರಲ್ಲಿ ಮೂತಿ ಮೇಲೆ ಮಾಡಿ ನಿಲ್ಸಿದೀನಿ, ಮೂರು ದಿನವೂ ಮೊದಲನೇ ಸೆಲ್ಫಿಗೇ ಎದ್ದಿದೆ.

ಇನ್ನೊಂದು, ಹಿಂದಿನ ಡಿಕ್ಕಿ ಬಾಗಿಲಿನ ಶಾಕ್ ಎರಡೂ ಸತ್ತಿವೆ, ಬಿದಿರು ಕೋಲು ಕೊಟ್ಟು ನಿಲ್ಲಿಸ್ತಿದೀನಿ, ಹೋದ್ವಾರ ಅದು ಜಾರಿ ಭಾವನ ತಲೆ ಮೇಲೆ ಬಿತ್ತು. ಎಸ್ಟೇಟಿಂದು ಯಾರ ಹತ್ರಾದ್ರೂ ಇದ್ಯಾ?

ಹುಬ್ಬಳ್ಳಿ ಸುಮೋ:
ಬಾಗ್ಲಾ ತೆರದಾಗ ಎಷ್ಟು ಉದ್ದ, ಮುಚ್ಚಿದಾಗ ಎಷ್ಟು, ಎರಡೂ ಅಳತಿ ಹಾಕ್ರಿ, ತುದಿಯ ಫೋಟೋನೂ ಇರ್ಲಿ. ನಮ್ಮ ಕಡೆ ಗುಜರಿ ಅಂಗಡ್ಯಾಗ ಹುಡುಕ್ತೀನಿ. ಅಲ್ಲೀತನಕ ಭಾವಗ ಹೆಲ್ಮೆಟ್ ಹಾಕ್ಸ್ರಿ.